ಇಂಟಿಗ್ರೇಶನ್ ಟೆಸ್ಟ್‌ಗೆ ಮೆಸೇಜ್ ಬ್ರೋಕರ್ ಸೇರಿಸಿದ ಬಗೆ: ನನ್ನ ಅನುಭವ

ಇಂಟಿಗ್ರೇಶನ್ ಟೆಸ್ಟ್ ಎಂದರೆ ಭಾಗಗಳನ್ನು ಒಟ್ಟಿಗೆ ಓಡಿಸಿ ನೋಡುವುದು. ಡೇಟಾಬೇಸ್ ಮಾತ್ರ ಇರುವ ಟೆಸ್ಟ್‌ನಲ್ಲಿ ಬರೆದ ಕೂಡಲೇ ಓದಿ ಹೋಲಿಸಬಹುದು. ನಡುವೆ ಬ್ರೋಕರ್ (ಒಂದು ಪ್ರೋಗ್ರಾಂನ ಮೆಸೇಜನ್ನು ಇನ್ನೊಂದಕ್ಕೆ ತಲುಪಿಸುವ ಸಾಫ್ಟ್‌ವೇರ್; ಕಾಫ್ಕಾ, ರ‍್ಯಾಬಿಟ್‌ಎಂಕ್ಯೂ ಅಂಥವು) ಬಂದರೆ, ಕಳಿಸಿದ ಮೆಸೇಜ್ ಆಚೆ ಬದಿಯಲ್ಲಿ ಯಾವಾಗ ಪ್ರೊಸೆಸ್ ಆಗುತ್ತದೆ ಎಂಬುದು ಟೆಸ್ಟ್‌ನ ಕೈಯಲ್ಲಿರುವುದಿಲ್ಲ. ಒಮ್ಮೆ ಪಾಸ್ ಒಮ್ಮೆ ಫೇಲ್ ಆಗುವ ಟೆಸ್ಟ್‌ಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ.

ಬ್ರೋಕರ್ ಬದಲು ಮಾಕ್ (ಅದರಂತೆ ನಟಿಸುವ ನಕಲಿ ಕೋಡ್) ಇಡುವುದನ್ನು ನಾನು ಮೊದಲೇ ಕೈಬಿಟ್ಟೆ. ಅಕ್ನಾಲೆಜ್‌ಮೆಂಟ್ (ಅಕ್, ಮೆಸೇಜ್ ತಲುಪಿತೆಂಬ ಉತ್ತರ), ಮರುರವಾನೆ, ರೌಟಿಂಗ್, ಇವನ್ನೆಲ್ಲ ಪರೀಕ್ಷಿಸಬೇಕಾದ ಕಡೆ ಮಾಕ್ ಎಲ್ಲದಕ್ಕೂ ಸರಿ ಎನ್ನುತ್ತದೆ. ಹಾಗಾಗಿ ಟೆಸ್ಟ್‌ಕಂಟೇನರ್ಸ್ (ಟೆಸ್ಟ್‌ಗಾಗಿ ಕಂಟೇನರ್ ಎಬ್ಬಿಸುವ ಲೈಬ್ರರಿ) ಬಳಸಿ ನಿಜವಾದ ಬ್ರೋಕರನ್ನೇ ಎಬ್ಬಿಸುತ್ತೇನೆ: ಇಡೀ ಸೂಟ್‌ಗೆ ಒಂದೇ ಕಂಟೇನರ್, ಇಮೇಜ್‌ನ ವರ್ಶನ್ ಪ್ರೊಡಕ್ಷನ್‌ನಲ್ಲಿರುವುದೇ. ಪೋರ್ಟ್ ತೆರೆದ ಮಾತ್ರಕ್ಕೆ ಬ್ರೋಕರ್ ಸಿದ್ಧವಾಗಿದೆ ಎಂದಲ್ಲ. ಲಾಗ್‌ನಲ್ಲಿ ಸ್ಟಾರ್ಟ್ ಆದ ಸಾಲು ಬರುವವರೆಗೆ ಕಾಯಬೇಕು.

ಕಾಫ್ಕಾದಲ್ಲಿ ಹೆಚ್ಚು ಹೊತ್ತು ತಿನ್ನುವುದು ಅಡ್ವರ್ಟೈಸ್ಡ್ ಲಿಸನರ್. ಕ್ಲೈಂಟ್ ಮೊದಲು ಬೂಟ್‌ಸ್ಟ್ರಾಪ್ ವಿಳಾಸಕ್ಕೆ ಹೋಗುತ್ತದೆ. ಬ್ರೋಕರ್ ಮೆಟಾಡೇಟಾದಲ್ಲಿ ತನ್ನದೊಂದು ವಿಳಾಸ ಕೊಡುತ್ತದೆ, ಮುಂದಿನ ಮಾತುಕತೆಯೆಲ್ಲ ಅದಕ್ಕೇ. ಆ ವಿಳಾಸ ಕಂಟೇನರ್ ಒಳಗಿನದಾಗಿದ್ದರೆ ಕನೆಕ್ಟ್ ಆದಂತೆ ಕಂಡು ಆಮೇಲೆ ಟೈಮ್‌ಔಟ್ ಆಗುತ್ತದೆ. ಟೆಸ್ಟ್ ಓಡುವ ಹೋಸ್ಟ್‌ಗೆ ಒಂದು, ಇತರ ಕಂಟೇನರ್‌ಗಳಿಗೆ ಇನ್ನೊಂದು, ಹೀಗೆ ಎರಡು ಲಿಸನರ್ ಇಟ್ಟರೆ ಸರಿಹೋಗುತ್ತದೆ. ಒಂದೇ ನೋಡ್ ಇದ್ದಾಗ ಆಫ್‌ಸೆಟ್ಸ್ ಟಾಪಿಕ್‌ನ (ಟಾಪಿಕ್ ಎಂದರೆ ಕಾಫ್ಕಾದ ಮೆಸೇಜ್ ಸಾಲು; ಯಾರು ಎಲ್ಲಿವರೆಗೆ ಓದಿದರೆಂಬುದು ಇದರಲ್ಲಿರುತ್ತದೆ) ರೆಪ್ಲಿಕೇಶನ್ ಫ್ಯಾಕ್ಟರನ್ನು, ಅಂದರೆ ಪ್ರತಿಗಳ ಸಂಖ್ಯೆಯನ್ನು, 1 ಮಾಡಲೇಬೇಕು. ಮೂಲ ಸೆಟ್ಟಿಂಗ್ ಆದ 3 ಹಾಗೇ ಇದ್ದರೆ ಪ್ರೊಡ್ಯೂಸರ್ ನೆಟ್ಟಗೆ ಕಳಿಸುತ್ತಿರುತ್ತದೆ, ಕನ್ಸ್ಯೂಮರ್ (ಓದುವ ಕಡೆ) ಮಾತ್ರ ತನ್ನ ಗ್ರೂಪನ್ನು (ಕೆಲಸ ಹಂಚಿಕೊಳ್ಳುವ ಕನ್ಸ್ಯೂಮರ್‌ಗಳ ಗುಂಪು) ನಡೆಸುವ ಕೋಆರ್ಡಿನೇಟರ್ ಸಿಗದೆ ಸುಮ್ಮನೆ ಕೂರುತ್ತದೆ. ಗ್ರೂಪ್‌ನ ಮೊದಲ ರೀಬ್ಯಾಲೆನ್ಸ್‌ಗೆ (ಟಾಪಿಕ್‌ನ ತುಂಡುಗಳಾದ ಪಾರ್ಟಿಶನ್‌ಗಳ ಹಂಚಿಕೆ) ಇರುವ 3 ಸೆಕೆಂಡಿನ ತಡವನ್ನೂ 0 ಮಾಡಿ, ಸೂಟ್ ವೇಗವಾಗುತ್ತದೆ.

ಪ್ರತಿ ಟೆಸ್ಟ್‌ಗೂ ಹೊಸ ಟಾಪಿಕ್, ಹೊಸ ಗ್ರೂಪ್ ಐಡಿ ಕೊಡುತ್ತೇನೆ. ಹೆಸರಿನ ಕೊನೆಗೆ ಯುಯುಐಡಿ (ಮತ್ತೆ ಬಾರದ ಗುರುತು) ಸೇರಿಸಿದರೆ ಸಾಕು. ಆಟೋ ಆಫ್‌ಸೆಟ್ ರೀಸೆಟ್ (ಹೊಸ ಗ್ರೂಪ್ ಎಲ್ಲಿಂದ ಓದಬೇಕೆಂಬ ಸೆಟ್ಟಿಂಗ್) ಅನ್ನು ಅರ್ಲಿಯೆಸ್ಟ್ ಮಾಡುವುದು ಮರೆಯಬೇಡಿ. ಮೂಲ ಸೆಟ್ಟಿಂಗ್ ಲೇಟೆಸ್ಟ್ ಆದ್ದರಿಂದ, ಪಾರ್ಟಿಶನ್ ಹಂಚಿಕೆಗೆ ಮುನ್ನ ಕಳಿಸಿದ ಮೆಸೇಜ್ ಹೊಸ ಗ್ರೂಪ್‌ನ ಕಣ್ಣಿಗೆ ಬೀಳುವುದೇ ಇಲ್ಲ.

ರ‍್ಯಾಬಿಟ್‌ಎಂಕ್ಯೂದಲ್ಲಿ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಕ್ಯೂ (ಮೆಸೇಜ್ ಕಾಯುವ ಸಾಲು) ಬೈಂಡ್ ಆಗುವ ಮೊದಲೇ ಎಕ್ಸ್‌ಚೇಂಜ್‌ಗೆ (ಮೆಸೇಜನ್ನು ಕ್ಯೂಗಳಿಗೆ ಹಂಚುವ ಭಾಗ) ಮೆಸೇಜ್ ಹಾಕಿದರೆ ಬ್ರೋಕರ್ ಅದನ್ನು ಬಿಸಾಡುತ್ತದೆ. ಪಬ್ಲಿಶರ್ ಕನ್ಫರ್ಮ್ (ಕಳಿಸಿದವರಿಗೆ ಬ್ರೋಕರ್ ಕೊಡುವ ಅಕ್) ಇದ್ದರೂ ಇದು ಗೊತ್ತಾಗದು, ಯಾಕೆಂದರೆ ಯಾವ ಕ್ಯೂಗೂ ಹೋಗದ ಮೆಸೇಜ್‌ಗೂ ಅಕ್ ಬರುತ್ತದೆ. ಮ್ಯಾಂಡೇಟರಿ ಫ್ಲ್ಯಾಗ್ ಹಾಕಿ, ಮೆಸೇಜ್ ಹಿಂದಿರುಗಿದರೆ ಟೆಸ್ಟನ್ನು ಅಲ್ಲೇ ಫೇಲ್ ಮಾಡಿ. ರೌಟಿಂಗ್ ಕೀಯಲ್ಲಿನ (ಯಾವ ಕ್ಯೂಗೆಂದು ತೀರ್ಮಾನಿಸುವ ಹೆಸರು) ಅಕ್ಷರದೋಷ ಕ್ಷಣದಲ್ಲಿ ಸಿಕ್ಕಿಬೀಳುತ್ತದೆ.

ಕಾಯುವುದಕ್ಕೆ ಸ್ಲೀಪ್ (ನಿಗದಿತ ಹೊತ್ತು ಸುಮ್ಮನೆ ನಿಲ್ಲುವುದು) ಬೇಡವೇ ಬೇಡ. 100 ಮಿಲಿಸೆಕೆಂಡಿಗೊಮ್ಮೆ ಷರತ್ತು ನೋಡಿ, ಗರಿಷ್ಠ 10 ಸೆಕೆಂಡ್ ಕಾಯಿರಿ. ಜಾವಾದಲ್ಲಾದರೆ ಅವೇಟಿಲಿಟಿ ಲೈಬ್ರರಿ ಇದಕ್ಕೆಂದೇ ಇದೆ. ಮಿತಿ ಮೀರಿದಾಗ ಕ್ಯೂನಲ್ಲಿ ರೆಡಿ (ಇನ್ನೂ ಯಾರಿಗೂ ಹೋಗದ್ದು) ಎಷ್ಟು, ಅಕ್ ಆಗದೆ ಉಳಿದದ್ದೆಷ್ಟು ಎಂದು ಪ್ರಿಂಟ್ ಮಾಡಿಸಿ. ರೆಡಿಯೇ ತುಂಬಿದ್ದರೆ ಕನ್ಸ್ಯೂಮರ್ ಕನೆಕ್ಟ್ ಆಗಿಲ್ಲ, ಅಕ್ ಆಗದ್ದು ನಿಂತಿದ್ದರೆ ಹ್ಯಾಂಡ್ಲರ್ (ಮೆಸೇಜನ್ನು ಪ್ರೊಸೆಸ್ ಮಾಡುವ ಕೋಡ್) ಸಿಕ್ಕಿಕೊಂಡಿದೆ. ತನಿಖೆ ಎಲ್ಲಿಂದ ಶುರುವಾಗಬೇಕೆಂದು ಈ ಎರಡು ಸಂಖ್ಯೆಗಳೇ ಹೇಳುತ್ತವೆ.

ನಿಜವಾಗಿ ಕಷ್ಟದ್ದು ‘ಏನೂ ಆಗಬಾರದು’ ಎಂಬ ಟೆಸ್ಟ್. ಉದಾಹರಣೆಗೆ, ರದ್ದಾದ ಆರ್ಡರ್‌ಗೆ ಇನ್‌ವಾಯ್ಸ್ ಹುಟ್ಟಬಾರದು. 5 ಸೆಕೆಂಡ್ ಕಾದು ಏನೂ ಬರಲಿಲ್ಲ ಎಂದರೆ ಅದು ಪುರಾವೆಯಲ್ಲ, 6ನೇ ಸೆಕೆಂಡಿಗೆ ಬರಬಹುದು. ಅದಕ್ಕೆ ರದ್ದಾದ ಆರ್ಡರ್‌ನ ಬೆನ್ನಿಗೇ ಸರಿಯಾದ ಇನ್ನೊಂದು ಆರ್ಡರನ್ನು ಕಾವಲು ಮೆಸೇಜ್ ಆಗಿ ಕಳಿಸುತ್ತೇನೆ. ಕಾಫ್ಕಾದಲ್ಲಿ ಎರಡಕ್ಕೂ ಒಂದೇ ಕೀ ಇರಲಿ, ಆಗ ಒಂದೇ ಪಾರ್ಟಿಶನ್‌ಗೆ ಹೋಗುತ್ತವೆ. ರ‍್ಯಾಬಿಟ್‌ಎಂಕ್ಯೂದಲ್ಲಿ ಕನ್ಸ್ಯೂಮರ್ ಒಂದೇ, ಪ್ರೀಫೆಚ್ (ಅಕ್ ಆಗುವ ಮೊದಲು ಕೈಗೆ ಬರುವ ಮೆಸೇಜ್‌ಗಳ ಮಿತಿ) 1. ಎರಡನೆಯದರ ಇನ್‌ವಾಯ್ಸ್ ಬಂತೆಂದರೆ ಮೊದಲನೆಯದು ಆಗಲೇ ಹ್ಯಾಂಡ್ಲರ್ ದಾಟಿದೆ. ಆಗ ‘ಮೊದಲನೆಯದರ ಇನ್‌ವಾಯ್ಸ್ ಇಲ್ಲ’ ಎಂಬ ಮಾತಿಗೆ ತೂಕವಿರುತ್ತದೆ. ಹ್ಯಾಂಡ್ಲರ್ ಒಳಗೇ ಥ್ರೆಡ್ ಪೂಲ್ ಇದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಕ್ರಮ ಅಲ್ಲಿ ಕೆಡುತ್ತದೆ.

ಒಂದೇ ಐಡಿಯ ಮೆಸೇಜನ್ನು ಎರಡು ಸಲ ಕಳಿಸಿ ಡೇಟಾಬೇಸ್‌ನಲ್ಲಿ ಒಂದೇ ಸಾಲಿದೆಯೇ ನೋಡುವ ಟೆಸ್ಟ್ ಪ್ರತಿ ಕನ್ಸ್ಯೂಮರ್‌ಗೂ ಇರಲಿ. ಜೊತೆಗೆ ಮುರಿದ ಜೇಸನ್ ಕಳಿಸಿ, ಅದು ಡೆಡ್ ಲೆಟರ್ ಕ್ಯೂ (ಪ್ರೊಸೆಸ್ ಆಗದ ಮೆಸೇಜ್‌ಗಳನ್ನು ಎತ್ತಿಡುವ ಕ್ಯೂ) ಸೇರಿತೇ ನೋಡಿ. ರ‍್ಯಾಬಿಟ್‌ಎಂಕ್ಯೂದಲ್ಲಿ ನ್ಯಾಕ್ (ಮೆಸೇಜ್ ಬೇಡವೆಂಬ ಉತ್ತರ) ಜೊತೆ ರೀಕ್ಯೂ (ಮತ್ತೆ ಕ್ಯೂಗೆ ಸೇರಿಸು) ಆನ್ ಇದ್ದರೆ ಕ್ಲಾಸಿಕ್ ಕ್ಯೂನಲ್ಲಿ ಅದೇ ಮೆಸೇಜ್ ಕೊನೆಯಿಲ್ಲದೆ ಸುತ್ತುತ್ತದೆ. ಕೋರಮ್ ಕ್ಯೂಗೆ (ಹಲವು ನೋಡ್‌ಗಳಲ್ಲಿ ಪ್ರತಿ ಇಡುವ ಬಗೆ) ರ‍್ಯಾಬಿಟ್‌ಎಂಕ್ಯೂ 4.0ರಿಂದ 20 ಸಲದ ಮಿತಿ ತಾನಾಗಿಯೇ ಇದೆ, ಆದರೆ ಡೆಡ್ ಲೆಟರ್ ಎಕ್ಸ್‌ಚೇಂಜ್ ಕೊಟ್ಟಿರದಿದ್ದರೆ ಮಿತಿ ಮುಗಿದ ಮೇಲೆ ಮೆಸೇಜ್ ಕಳೆದೇಹೋಗುತ್ತದೆ. ರೀಟ್ರೈ ನಡುವಿನ ಸಮಯವನ್ನು ಕಾನ್ಫಿಗ್‌ಗೆ ತಂದು ಟೆಸ್ಟ್‌ನಲ್ಲಿ 200 ಮಿಲಿಸೆಕೆಂಡಿಗೆ ಇಳಿಸಿಕೊಳ್ಳಿ.

ಸಿಐ ಮೆಶಿನ್‌ನಲ್ಲಿ (ಬಿಲ್ಡ್, ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಯಂತ್ರ) ಮಾತ್ರ ಪಬ್ಲಿಶ್ ಸ್ತಬ್ಧವಾಗುತ್ತಿದ್ದರೆ ಮೊದಲು ಡಿಸ್ಕ್ ನೋಡಿ. ಖಾಲಿ ಜಾಗ 50 ಎಂಬಿಗಿಂತ ಕೆಳಗಿಳಿದರೆ ರ‍್ಯಾಬಿಟ್‌ಎಂಕ್ಯೂ ಪಬ್ಲಿಶರ್‌ಗಳನ್ನು ತಡೆಹಿಡಿಯುತ್ತದೆ. ಎರರ್ ಏನೂ ಬರುವುದಿಲ್ಲ. ಅಲಾರಂನ ಸಾಲು ಇರುವುದು ಬ್ರೋಕರ್‌ನ ಲಾಗ್‌ನಲ್ಲಿ, ಆದ್ದರಿಂದ ಟೆಸ್ಟ್ ಫೇಲ್ ಆದಾಗ ಕಂಟೇನರ್‌ನ ಲಾಗನ್ನೂ ಬಿಲ್ಡ್‌ನ ಜೊತೆ ಉಳಿಸಿಡಿ.