ಗೇರ್‌ಬಾಕ್ಸ್ ಇಳಿಸದೆ ರಿಪೇರಿಯಾದ ನನ್ನ 800

"ಗೇರ್‌ಬಾಕ್ಸ್ ಹೋಯ್ತು ಮಾರಾಯ್ರೆ, ಇಳಿಸ್ಬೇಕು." ಮೂರು ಗ್ಯಾರೇಜಿನಲ್ಲೂ ಇದೇ ಮಾತು. ರೇಟು 14,000ದ ಆಸುಪಾಸು. ನನ್ನ ಮಾರುತಿ 800 1998ರದ್ದು, ಕಾರ್ಬ್ಯುರೇಟರ್, ನಾಲ್ಕು ಗೇರ್. ಮಾರಿದರೆ 40,000 ಬರುವುದೂ ಅನುಮಾನ. ಕೊನೆಗೆ ಮನೆ ಅಂಗಳದಲ್ಲೇ ಸರಿ ಮಾಡಿದೆ. ಆ ಕೆಲಸಕ್ಕೆ ಆದ ಖರ್ಚು 900 ರೂಪಾಯಿ ಒಳಗೆ. ಆದರೆ ಅದಕ್ಕೂ ಮೊದಲು ದಡ್ಡತನಕ್ಕೆ ಕಳೆದ ದುಡ್ಡಿನ ಕಥೆ ಬೇರೆ ಇದೆ.

ಶುರುವಾಗಿದ್ದು ರಿವರ್ಸ್‌ನಿಂದ. ಹಾಕುವಾಗೆಲ್ಲ ಕರ್ರ್ ಅನ್ನುತ್ತಿತ್ತು. ಆಮೇಲೆ ನಿಂತಲ್ಲಿ ಫಸ್ಟ್ ಗೇರೂ ಬೀಳದಾಯಿತು. ಇಂಜಿನ್ ಆಫ್ ಮಾಡಿ ಗೇರ್ ಹಾಕಿ ಸ್ಟಾರ್ಟ್ ಮಾಡಿದರೆ ಗಾಡಿ ಕಪ್ಪೆ ತರ ಕುಪ್ಪಳಿಸುತ್ತಿತ್ತು. ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂದುಕೊಂಡು ಕೇಬಲ್ ಟೈಟ್ ಮಾಡಿದೆ. ನಾಲ್ಕು ದಿನ ಚೆನ್ನಾಗಿತ್ತು, ಮತ್ತೆ ಅದೇ ರಾಗ. ಹೊಸ ಕೇಬಲ್ ತಂದು ಹಾಕಿದೆ. ಒಂದು ವಾರ, ಮತ್ತೆ ಅದೇ. ಸಿಟ್ಟಿನಲ್ಲಿ ಪೆಡಲ್‌ನ ಫ್ರೀ ಪ್ಲೇ (ಕ್ಲಚ್ ಹಿಡಿಯುವ ಮೊದಲು ಪೆಡಲ್ ಖಾಲಿ ಇಳಿಯುವ ದೂರ) ಒಂಚೂರೂ ಉಳಿಯದ ಹಾಗೆ ತಿರುಗಿಸಿಬಿಟ್ಟೆ.

ಫಲ ಸಿಕ್ಕಿದ್ದು ಆಗುಂಬೆ ಘಾಟಿಯಲ್ಲಿ. ಸೋಮೇಶ್ವರ ಕಡೆಯಿಂದ ಹತ್ತುತ್ತಿದ್ದೆ. ಹದಿನಾಲ್ಕು ಹೇರ್‌ಪಿನ್‌ನಲ್ಲಿ ಐದೋ ಆರೋ ಮುಗಿದಿರಬೇಕು. ಇಂಜಿನ್ ಕಿರುಚುತ್ತಿದೆ, ಗಾಡಿ ಮೇಲೆ ಹೋಗುತ್ತಿಲ್ಲ, ಮೂಗಿಗೆ ಸುಟ್ಟ ವಾಸನೆ. ಪೆಡಲ್ ಬಿಟ್ಟರೂ ರಿಲೀಸ್ ಬೇರಿಂಗ್, ಕ್ಲಚ್ಚನ್ನು ಅಮುಕಿ ಹಿಡಿಯುವ ಪ್ರೆಶರ್ ಪ್ಲೇಟನ್ನು ಒತ್ತಿಕೊಂಡೇ ಇದ್ದರೆ ಇನ್ನೇನಾಗುತ್ತದೆ? ಅರ್ಧ ಗಂಟೆ ಆರಿಸಿ, ಕೇಬಲ್ ಸಡಿಲ ಮಾಡಿ, ತೆವಳುತ್ತಾ ಮೇಲೆ ಬಂದೆ. ಕ್ಲಚ್ ಸೆಟ್, ರಿಲೀಸ್ ಬೇರಿಂಗ್, ಕೂಲಿ ಎಲ್ಲ ಸೇರಿ ಸುಮಾರು 4,500 ಕೈಬಿಟ್ಟಿತು.

ತಮಾಷೆ ಅಂದರೆ, ಹೊಸ ಸೆಟ್ ಹಾಕಿ ಹತ್ತು ದಿನಕ್ಕೆ ರಿವರ್ಸ್ ಮತ್ತೆ ಕರ್ರ್! ಕ್ಲಚ್ ಹೊಸದು, ಕೇಬಲ್ ಹೊಸದು, ಇನ್ನು ಉಳಿದಿದ್ದು ಗೇರ್‌ಬಾಕ್ಸ್ ತಾನೇ, ಅಂತ ಎಲ್ಲರೂ ತೀರ್ಪು ಕೊಟ್ಟಿದ್ದು ಆಗ.

ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಇಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ಸಲೀಸಾಗಿ ಬೀಳುತ್ತಿದ್ದವು. ಗೇರ್ ಜರುಗಿಸುವ ಲಿಂಕೇಜೋ ಒಳಗಿನ ಫೋರ್ಕೋ ಹೋಗಿದ್ದರೆ ಆಗಲೂ ತೊಂದರೆ ಕೊಡಬೇಕಿತ್ತು, ಅಲ್ವಾ? ಇನ್ನೊಂದು, ರಿವರ್ಸ್‌ಗೆ ಸಿಂಕ್ರೋ (ಗೇರ್ ಬೀಳುವ ಮುಂಚೆ ವೇಗ ಹೊಂದಿಸುವ ರಿಂಗ್) ಇಲ್ಲ. ಕ್ಲಚ್ ಒತ್ತಿ ಹತ್ತು ಎಣಿಸಿದರೆ ಶಾಫ್ಟ್ ನಿಂತು ಗೇರ್ ಸದ್ದಿಲ್ಲದೆ ಬೀಳಬೇಕು. ನನ್ನದರಲ್ಲಿ ಇಪ್ಪತ್ತು ಎಣಿಸಿದರೂ ಕರ್ರ್. ಅಂದರೆ ಕ್ಲಚ್ ಪ್ಲೇಟ್ ಪೂರ್ತಿ ಬಿಡದೆ ಶಾಫ್ಟನ್ನು ಇನ್ನೂ ತಿರುಗಿಸುತ್ತಿದೆ. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗಲೂ ಒತ್ತಿದಾಗಲೂ ಬೇರಿಂಗ್ ಸದ್ದು ಇರಲಿಲ್ಲ.

ಸ್ಕೇಲ್ ತಗೊಂಡು ಬಾನೆಟ್ ಕೆಳಗೆ ಬಗ್ಗಿದೆ. ಹೆಂಡತಿ ಪೆಡಲ್ ಒತ್ತಿದಳು, ನಾನು ಗೇರ್‌ಬಾಕ್ಸ್ ಮೇಲಿನ ರಿಲೀಸ್ ಆರ್ಮ್ (ಕೇಬಲ್ ಎಳೆಯುವ ಕೈ) ಎಷ್ಟು ಜರುಗುತ್ತದೆ ಅಂತ ಅಳೆದೆ. ಸುಮಾರು 18 ಮಿ.ಮೀ. ಭಾವನ ಮನೆಯಲ್ಲೂ ಅದೇ ಕಾಲದ 800 ಇದೆ. ಅದರಲ್ಲಿ 27ರ ಹತ್ತಿರ. ಫ್ರೀ ಪ್ಲೇ ಎರಡರಲ್ಲೂ ಒಂದೇ, ಮುಕ್ಕಾಲು ಇಂಚು. ಹಾಗಾದರೆ ಆ 9 ಮಿ.ಮೀ. ಎಲ್ಲಿ ಕಳೆದುಹೋಗುತ್ತಿದೆ?

"ಎಷ್ಟು ಸಲ ತುಳೀಬೇಕು ಇದನ್ನ? ಒಲೆ ಮೇಲೆ ಹಾಲಿದೆ" ಅಂತ ಒಳಗಿಂದ ಬೈಗುಳ. ಇನ್ನೊಂದೇ ಸಲ ಅಂತ ಹೇಳಿ ಈ ಸಲ ಟಾರ್ಚನ್ನು ಕೇಬಲ್ ಉದ್ದಕ್ಕೂ ಹಿಡಿದೆ. ಕೇಬಲ್ ಒಳಗೆ ಹೋಗುವ ಜಾಗದಲ್ಲಿ ಫೈರ್‌ವಾಲ್ ತಗಡೇ (ಇಂಜಿನ್‌ಗೂ ಕಾರಿನ ಒಳಗಿಗೂ ನಡುವಿನ ಗೋಡೆ) ಉಸಿರಾಡುತ್ತಿತ್ತು! ಪೆಡಲ್ ಒತ್ತಿದಾಗೆಲ್ಲ ಕಾರಿನ ಒಳಗಡೆಗೆ ಉಬ್ಬುವುದು, ಬಿಟ್ಟರೆ ವಾಪಸ್. ಆ 9 ಮಿ.ಮೀ. ಕಳೆದುಹೋಗುತ್ತಿದ್ದುದು ಇಲ್ಲೇ. ಒಳಗಿನ ಮ್ಯಾಟ್ ಎತ್ತಿ ನೋಡಿದರೆ ತುಕ್ಕು, ತೂತಿನ ಸುತ್ತ ಎರಡು ಇಂಚಿನ ಬಿರುಕು. ಮಲೆನಾಡಿನ ಮಳೆಯಲ್ಲಿ ಒದ್ದೆ ಮ್ಯಾಟ್ ಹಾಗೇ ಬಿಟ್ಟಿದ್ದು ನಾನೇ. ಪ್ರತಿ ಸಲ ಟೈಟ್ ಮಾಡಿದಾಗ ನಾಲ್ಕು ದಿನ ಸರಿಹೋಗುತ್ತಿದ್ದುದು, ಆಮೇಲೆ ಬಿರುಕು ಇನ್ನೂ ಬೆಳೆಯುತ್ತಿದ್ದುದು ಆಗ ಅರ್ಥವಾಯಿತು.

ವೆಲ್ಡಿಂಗ್ ಅಂಗಡಿಯಲ್ಲಿ ಆರ್ಕ್ ಹಚ್ಚಿಸಿದೆ. ಅದೂ ತಪ್ಪು. ತೆಳು ತಗಡು ಸುಟ್ಟು ತೂತು ದೊಡ್ಡದಾಯಿತು, 200 ದಂಡ. ಕೊನೆಗೆ 3 ಮಿ.ಮೀ. ಪ್ಲೇಟ್ ಎರಡು ತುಂಡು ಮಾಡಿಸಿ, ಒಳಗೊಂದು ಹೊರಗೊಂದು ಇಟ್ಟು ಬೋಲ್ಟ್ ಬಿಗಿದೆ. ಬೋಲ್ಟ್‌ಗಳನ್ನು ಎಲ್ಲೆಲ್ಲಿ ಹಾಕಿದೆ ಅಂತ ಹೇಳುವುದಿಲ್ಲ, ಅದಕ್ಕೆ ಎರಡು ಭಾನುವಾರ ತಲೆ ಕೆಡಿಸಿಕೊಂಡಿದ್ದೇನೆ! ಆರ್ಮ್ ಈಗ 26 ಜರುಗುತ್ತದೆ. ರಿವರ್ಸ್ ಸದ್ದೇ ಇಲ್ಲ. ಇಳಿಸಬೇಕು ಅಂದಿದ್ದ ಮೇಸ್ತ್ರಿಗೆ ತೋರಿಸಲೆಂದೇ ಗಾಡಿ ತಗೊಂಡು ಹೋದೆ. ಐದಾರು ಸಲ ಗೇರ್ ಹಾಕಿ ನೋಡಿದರು, ಏನೂ ಮಾತಾಡಲಿಲ್ಲ. ಹೋದ ತಿಂಗಳು ಫೋನ್ ಮಾಡಿ ಪ್ಲೇಟ್ ಅಳತೆ ಕೇಳಿದರು.

ಇದರ ಮಧ್ಯೆ ಗೇರ್ ಆಯಿಲ್ ಮೇಲೂ ಕೈಯಾಡಿಸಿದೆ. ಇಳಿಸಿದ ಆಯಿಲ್‌ನಲ್ಲಿ ಮ್ಯಾಗ್ನೆಟ್ ಆಡಿಸಿದರೆ ಬೂದು ಬಣ್ಣದ ಪೇಸ್ಟ್ ಮಾತ್ರ ಬಂತು, ಕಬ್ಬಿಣದ ಚೂರು ಇಲ್ಲ. ಆದರೆ ಬಿಸಿಲಿಗೆ ಹಿಡಿದಾಗ ಹಿತ್ತಾಳೆ ಮಿನುಗು ಕಂಡಿತು, ಅಂದರೆ ಸಿಂಕ್ರೋ ರಿಂಗ್ ಸವೆದಿದೆ. ಯಾರೋ ಹೇಳಿದರು ಅಂತ ದಪ್ಪ 90ರ ಜಿಎಲ್-5 ಗ್ರೇಡಿನ ಆಯಿಲ್ ಹಾಕಿದೆ, ಬೆಳಗಿನ ಚಳಿಗೆ ಸೆಕೆಂಡ್ ಗೇರ್ ಕಲ್ಲಾಯಿತು. ಒಂದೇ ವಾರಕ್ಕೆ ಚೆಲ್ಲಿ, ಚಳಿಯಲ್ಲಿ ಅಷ್ಟು ಗಟ್ಟಿಯಾಗದ 75ಡಬ್ಲ್ಯು-90 ಜಿಎಲ್-4 ಹಾಕಿದೆ. ಸುಮಾರು ಸುಧಾರಿಸಿತು. ಆದರೂ ಮೊದಲ ಎರಡು ಕಿಲೋಮೀಟರ್ ಮೂರರಿಂದ ಎರಡಕ್ಕೆ ಇಳಿಸುವಾಗ ಸಣ್ಣಗೆ ಕರ್ ಅನ್ನುತ್ತದೆ. ಅದು ಸಿಂಕ್ರೋ ರಿಂಗ್, ಅದಕ್ಕೆ ಮಾತ್ರ ಗೇರ್‌ಬಾಕ್ಸ್ ಇಳಿಸಲೇಬೇಕು. ಸದ್ಯಕ್ಕೆ ಡಬಲ್ ಕ್ಲಚ್ ಹೊಡೆದುಕೊಂಡು (ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಬಿಟ್ಟು ಮತ್ತೆ ಒತ್ತಿ) ಓಡಿಸುತ್ತಿದ್ದೇನೆ. ಆ ಖರ್ಚು ಮುಂದಿನ ಅಡಿಕೆ ಕೊಯ್ಲು ಆದ ಮೇಲೆ.