ಈಶ್ವರ ಬಳ್ಳಿಯ ಪಕ್ಕ ಕ್ಯಾಮೆರಾ ಹಿಡಿದು

ಕೊಡಗಿನಲ್ಲಿ ಹಕ್ಕಿ, ಚಿಟ್ಟೆಗಳ ಫೋಟೋ ತೆಗೆಯಬೇಕು ಎಂದರೆ ಜನ ಮೊದಲು ಹೇಳುವುದು ನಾಗರಹೊಳೆಯ ಸಫಾರಿ, ಇಲ್ಲವೇ ತಡಿಯಂಡಮೋಳ್ ಚಾರಣ. ಎರಡೂ ಒಳ್ಳೆಯವೇ. ಆದರೆ ನನಗೆ ಸಮಾಧಾನ ಕೊಟ್ಟ ಚಿತ್ರಗಳಲ್ಲಿ ಹೆಚ್ಚಿನವು ನಾಪೋಕ್ಲು ಕಡೆಯ ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ಜಾಗಗಳಲ್ಲಿ ಸಿಕ್ಕಿದವು. ಕಾಫಿ ತೋಟದೊಳಗಿನ ಜೀಪು ದಾರಿ, ಗದ್ದೆಯ ಅಂಚು, ಕಾವೇರಿಗೆ ಸೇರುವ ಒಂದು ಸಣ್ಣ ತೋಡು, ಇಷ್ಟೇ ನನ್ನ ಓಡಾಟದ ಸೀಮೆ. ರಜೆಯ ಬೆಳಿಗ್ಗೆಗಳಲ್ಲಿ ಅದೇ ದಾರಿ ಹಿಡಿದು ವರ್ಷವಿಡೀ ನಡೆದರೆ ಯಾವ ಗಿಡ ಯಾವಾಗ ಹೂ ಬಿಡುತ್ತದೆ, ಯಾವ ಮರದ ಹಣ್ಣಿಗೆ ಯಾರು ಬರುತ್ತಾರೆ ಎಂಬುದು ತಾನಾಗಿ ತಿಳಿಯುತ್ತದೆ. ಕ್ಯಾಮೆರಾದ ಕೆಲಸ ಶುರುವಾಗುವುದು ಆಮೇಲೆ.

ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್, 70-300 ಮಿ.ಮೀ. ಜೂಮ್ ಲೆನ್ಸ್, ಕ್ಯಾಮೆರಾಕ್ಕೆ ಒಂಟಿಗಾಲಿನ ಆಸರೆಯಾಗುವ ಒಂದು ಮೊನೊಪಾಡ್. ಚಿಟ್ಟೆಗೆ ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಬೇಕೇ ಬೇಕು ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. 300ರಲ್ಲಿ ಒಂದೂವರೆ ಮೀಟರ್ ದೂರದಿಂದ ತೆಗೆದರೆ ಅಂಗೈಯಗಲದ ಚಿಟ್ಟೆ ಚೌಕಟ್ಟಿನ ಬಹುಭಾಗ ತುಂಬುತ್ತದೆ, ಅದಕ್ಕೆ ಗಾಬರಿಯೂ ಆಗುವುದಿಲ್ಲ.

ನಾನು ಅತಿ ಹೆಚ್ಚು ಹೊತ್ತು ಕಳೆದಿರುವುದು ನಮ್ಮ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಜೊತೆ. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಬಂಗಾರದ ಹಳದಿ. ರೆಕ್ಕೆ ಬಿಡಿಸಿದರೆ ಅಗಲ 14 ಸೆಂ.ಮೀ.ಗೂ ಹೆಚ್ಚು, ಹೆಣ್ಣು ಇನ್ನೂ ದೊಡ್ಡದು. ಹಿಂದಿನ ರೆಕ್ಕೆಯ ಹಳದಿಯೊಳಗೆ ಕಪ್ಪು ಮಚ್ಚೆಗಳ ಸಾಲಿದ್ದರೆ ಹೆಣ್ಣು, ಅಂಚಿನಲ್ಲಿ ಮಾತ್ರ ಕಪ್ಪಿದ್ದರೆ ಗಂಡು. ಇದರ ಕಷ್ಟ ಎಂದರೆ ಸಿಲ್ವರ್ ಓಕ್ ಮರಗಳ ತುದಿಯ ಎತ್ತರದಲ್ಲಿ ತೇಲುತ್ತಾ ಹೋಗುತ್ತದೆ, ಹೂವಿಗೆ ಇಳಿದರೂ ಪೂರ್ತಿ ಕೂರುವುದಿಲ್ಲ. ಕಾಲು ಊರಿ ಮಕರಂದ ಹೀರುವಾಗಲೂ ಮುಂದಿನ ರೆಕ್ಕೆಗಳನ್ನು ಬಡಿಯುತ್ತಲೇ ಇರುತ್ತದೆ. ಬೇರೆ ಚಿಟ್ಟೆಗೆ ಸಾಕಾಗುವ ಶಟರ್ ವೇಗ ಇದಕ್ಕೆ ಸಾಲದು. ನಾನು ಸೆಕೆಂಡಿನ 1/1250ಕ್ಕಿಂತ ಕೆಳಗೆ ಇಳಿಸುವುದಿಲ್ಲ, ನೆರಳಿದ್ದರೆ ಐಎಸ್ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಪ್ರಮಾಣ, 1600ಕ್ಕೆ ಏರಿಸುತ್ತೇನೆ. ಚಿತ್ರ ಸ್ವಲ್ಪ ಮರಳುಮರಳಾದರೂ ಪರವಾಗಿಲ್ಲ, ರೆಕ್ಕೆಯ ಗೆರೆಗಳು ಕಲಸಿಹೋದರೆ ಏನೂ ಉಳಿಯುವುದಿಲ್ಲ.

ಇದರ ಹಿಂದೆ ಓಡಿ ಪ್ರಯೋಜನವಿಲ್ಲ. ಇದು ಮೊಟ್ಟೆ ಇಡುವುದು ಈಶ್ವರ ಬಳ್ಳಿ ಮತ್ತು ಅದರದೇ ಕುಟುಂಬದ ಗಿಡಬಳ್ಳಿಗಳ ಮೇಲೆ ಮಾತ್ರ. ಮರಿಹುಳು ಆ ಎಲೆಯ ವಿಷವನ್ನು ಮೈಯಲ್ಲಿ ಕೂಡಿಡುತ್ತದೆ, ಅದರಿಂದಲೇ ದೊಡ್ಡದಾದ ಮೇಲೂ ಹಕ್ಕಿಗಳು ಇದನ್ನು ಬಿಟ್ಟುಬಿಡುತ್ತವೆ. ಹಾರಾಟದಲ್ಲಿ ಅವಸರ ಕಾಣದಿರುವುದಕ್ಕೆ ಇದೇ ಕಾರಣ. ತೋಟದ ಬೇಲಿ ಸಾಲಿನಲ್ಲಿ ಬಳ್ಳಿ ಎಲ್ಲಿದೆ ಎಂದು ಗುರುತು ಮಾಡಿಕೊಂಡೆ. ಅದರ ಸುತ್ತ ರಥಪುಷ್ಪವೋ ಲಂಟಾನವೋ ಹೂ ಬಿಟ್ಟಿರುವ ಕಡೆ, ಬಿಸಿಲು ಬೆನ್ನಿಗೆ ಬೀಳುವಂತೆ ಆದರೆ ನನ್ನ ನೆರಳು ಹೂವಿನ ಮೇಲೆ ಬೀಳದಂತೆ ಕೂತೆ. ಮಳೆ ಹಿಂದೆ ಸರಿಯುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಬೆಳಗಿನ ಎಂಟೂವರೆಯಿಂದ ಹತ್ತೂವರೆ ಇದಕ್ಕೆ ಹೇಳಿದ ಹೊತ್ತು. ಒಂದೇ ಹೂಗೊಂಚಲಿಗೆ ಮತ್ತೆ ಮತ್ತೆ ಬರುವ ಅಭ್ಯಾಸ ಇದಕ್ಕಿದೆ. ಗೊಂಚಲಿನ ಮೇಲೆ ಮೊದಲೇ ಫೋಕಸ್ ಮಾಡಿಟ್ಟು ಕಾದರೆ ಸಾಕು.

ಆದರೆ ಬಳ್ಳಿ ಉಳಿಯಬೇಕಲ್ಲ! ಕಳೆ ಕೊಚ್ಚುವಾಗ ಕತ್ತಿಗೆ ಮೊದಲು ಸಿಗುವುದೇ ಬೇಲಿಯ ಬಳ್ಳಿಗಳು. ಪಕ್ಕದ ತೋಟದವರನ್ನು ಕೇಳಿಕೊಂಡೆ, ಅವರು ಒಪ್ಪಿದರು. ಕೆಲಸಕ್ಕೆ ಬಂದಿದ್ದ ಹೆಂಗಸಿಗೆ ಬಳ್ಳಿ ತೋರಿಸಿ, "ಅಕ್ಕಾ, ಇದೊಂದನ್ನು ಬಿಟ್ಟುಬಿಡಿ" ಎಂದೆ. "ಯಾವ ಮದ್ದಿಗೆ ಸಾರ್ ಇದು?" ಎಂದು ಕೇಳಿದರು. ಎಲೆಯಡಿಯಲ್ಲಿದ್ದ ಹುಳುವನ್ನು ತೋರಿಸಿದೆ. ಕೆಂಗಪ್ಪು ಮೈ, ಮೇಲೆಲ್ಲ ಮೆತ್ತನೆಯ ಮುಳ್ಳಿನಂಥ ಗುಬುಟುಗಳು, ನಡುವೆ ತಿಳಿಬಣ್ಣದ ಪಟ್ಟೆ. ಮುಂದಿನ ಸಲ ಕಳೆ ಕೊಚ್ಚಿದಾಗ ಆ ಬಳ್ಳಿಯ ಸುತ್ತ ಒಂದು ಮಾರು ಜಾಗ ಹಾಗೇ ಉಳಿದಿತ್ತು. ನನ್ನ ಚಿತ್ರಗಳಲ್ಲಿ ಆ ಅಕ್ಕನ ಪಾಲೂ ಇದೆ ಎಂದೇ ನಾನು ತಿಳಿದಿದ್ದೇನೆ.

ಬೇಸಿಗೆಯಲ್ಲಿ ನನ್ನ ಜಾಗ ತೋಡಿನ ಮರಳು. ನೀರು ಇಳಿದು ಒದ್ದೆ ಮರಳು ಮೇಲೆದ್ದ ಕಡೆ ಕಾಮನ್ ಬ್ಲೂಬಾಟಲ್, ಆಲ್ಬಟ್ರಾಸ್, ಅದೃಷ್ಟವಿದ್ದರೆ ಪ್ಯಾರಿಸ್ ಪೀಕಾಕ್ ಚಿಟ್ಟೆಗಳು ಗುಂಪಾಗಿ ಕೂತು ಲವಣ ಹೀರುತ್ತವೆ. ಹಾಗೆ ಕೂರುವವು ಬಹುತೇಕ ಗಂಡುಗಳೇ. ಮಕರಂದದಲ್ಲಿ ಸಿಗದ ಸೋಡಿಯಂ ಅವಕ್ಕೆ ಇಲ್ಲಿ ಸಿಗುತ್ತದೆ. ನಿಂತು ಮೇಲಿನಿಂದ ತೆಗೆದ ಚಿತ್ರದಲ್ಲಿ ಬರೀ ರೆಕ್ಕೆಯ ಅಂಚು ಬರುತ್ತದೆ. ಅದಕ್ಕೇ ಹಳೆಯ ಟಾರ್ಪಾಲ್ ಹಾಸಿ ಮಲಗುತ್ತೇನೆ, ಮೊಣಕೈ ಊರಿ ಒಂದೊಂದೇ ಗೇಣು ಮುಂದೆ ಸರಿಯುತ್ತೇನೆ. ಒಂದು ಎದ್ದರೆ ಎಲ್ಲವೂ ಏಳುತ್ತವೆ. ಆಗ ಅಲ್ಲಾಡದೆ ಮಲಗಿದ್ದರೆ ಸ್ವಲ್ಪ ಹೊತ್ತಿಗೆ ಹಿಂದಿನ ಜಾಗಕ್ಕೇ ಬಂದು ಕೂರುತ್ತವೆ, ಕೆಲವೊಮ್ಮೆ ಮೊದಲಿಗಿಂತ ಹತ್ತಿರ. ರೆಕ್ಕೆ ಮಡಚಿ ಕೂತ ಚಿಟ್ಟೆಗೆ ಲೆನ್ಸನ್ನು ನೇರ ಅಡ್ಡಲಾಗಿ ಹಿಡಿಯಬೇಕು. ಕ್ಯಾಮೆರಾದ ಬೆನ್ನು ರೆಕ್ಕೆಗೆ ಸಮಾನಾಂತರವಾಗಿದ್ದರೆ ಲೆನ್ಸಿನ ಕಿಂಡಿ ಎಫ್/8ರಲ್ಲಿದ್ದರೂ ಬುಡದಿಂದ ತುದಿಯವರೆಗೂ ಸ್ಪಷ್ಟ. ಸ್ವಲ್ಪ ಓರೆಯಾದರೆ ಕಿಂಡಿಯನ್ನು ಇನ್ನೂ ಕಿರಿದಾಗಿಸಿ ಎಫ್/16 ಇಟ್ಟರೂ ಒಂದು ಮೂಲೆ ಮಸುಕು.

ಹಕ್ಕಿಗಳ ವಿಷಯಕ್ಕೆ ಬಂದರೆ, ನಮ್ಮ ನೆಲದ ಇಳಿಜಾರೇ ನಮಗೆ ದೊಡ್ಡ ಅನುಕೂಲ. ಬಯಲುಸೀಮೆಯಲ್ಲಿ ಮರದ ಮೇಲಿನ ಹಕ್ಕಿಯನ್ನು ಕತ್ತೆತ್ತಿ ತೆಗೆಯಬೇಕು, ಹೊಟ್ಟೆ ಮಾತ್ರ ಕಾಣುತ್ತದೆ, ಹಿಂದೆ ಬೆಳ್ಳಗಿನ ಆಕಾಶ. ಇಲ್ಲಿ ತೋಟದ ಮೇಲಿನ ದಾರಿಯಲ್ಲಿ ನಿಂತರೆ ಕೆಳಗಿನ ಮರದ ತಲೆ ನಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತದೆ, ಹಿಂದೆ ಎದುರು ಗುಡ್ಡದ ಹಸಿರು. ಅಂಥ ಕಡೆ ಒಂದು ಹಾಲುವಾಣದ ಮರವಿದ್ದರೆ ಜನವರಿ, ಫೆಬ್ರವರಿಯಲ್ಲಿ ಬೇರೆಲ್ಲೂ ಹೋಗಬೇಕಿಲ್ಲ. ಎಲೆ ಉದುರಿಸಿ ಕೆಂಪು ಹೂ ಮಾತ್ರ ಹೊತ್ತು ನಿಂತಿರುತ್ತದೆ. ಸೂರಕ್ಕಿ, ಎಲೆಹಕ್ಕಿ, ಮೈನಾ, ಕಾಜಾಣ, ಬಾಲದ ಎರಡು ಗರಿಗಳನ್ನು ಆಡಿಸುತ್ತಾ ಭೀಮರಾಜ, ಎಲ್ಲರೂ ಅಲ್ಲಿಗೇ ಬರುತ್ತಾರೆ. ಮರೆಮಾಡಲು ಎಲೆಯಿಲ್ಲ. ಕಪ್ಪು ಹಕ್ಕಿಗೆ ಆಕಾಶ ಹಿನ್ನೆಲೆಯಾದರೆ ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವಂತೆ, ಏರಿಸುತ್ತೇನೆ. ಬಿಳಿ ಬಾಲದ ಗಂಡು ರಾಜಹಕ್ಕಿ ನೆರಳಲ್ಲಿ ಬಂದು ಕೂತರೆ ಅರ್ಧ ಸ್ಟಾಪ್ ಇಳಿಸುತ್ತೇನೆ, ಇಲ್ಲವಾದರೆ ಬಾಲದ ಗರಿಯ ಎಳೆಗಳೆಲ್ಲ ಬಿಳಿಯಲ್ಲಿ ಕರಗಿಹೋಗುತ್ತವೆ. ಚಳಿಗಾಲದ ಅತಿಥಿ ನವರಂಗ ಕಾಫಿ ಗಿಡಗಳ ಬುಡದಲ್ಲಿ ತರಗೆಲೆ ಕೆದಕುತ್ತದೆ. ಅಲ್ಲಿ ಬೆಳಕೇ ಇಲ್ಲ. ಮೊನೊಪಾಡ್ ಊರಿ, ಐಎಸ್ಒ 3200ರಲ್ಲಿ, ಅದು ತಲೆಯೆತ್ತಿ ನಿಂತ ಕ್ಷಣಕ್ಕೆ ಮಾತ್ರ ಬಟನ್ ಒತ್ತುತ್ತೇನೆ.

ಅತ್ತಿ, ಗೋಳಿ, ಬಸರಿ ಹಣ್ಣಾದಾಗ ಕುಟ್ರುಹಕ್ಕಿ, ಪಿಕಳಾರಗಳ ಜೊತೆ ಮಲಬಾರ್ ಬೂದು ಮಂಗಟ್ಟೆ ಬರುತ್ತದೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಇದು, ನಮಗೆ ಅಂಗಳದಿಂದಲೇ ಇದರ ನಗೆಯಂಥ ಕೂಗು ಕೇಳುತ್ತದೆ. ಹಣ್ಣಿನ ಮರದಲ್ಲಿ ಇದನ್ನು ಎಷ್ಟು ಬೇಕಾದರೂ ತೆಗೆಯಿರಿ. ಗೂಡಿನ ಹತ್ತಿರ ಮಾತ್ರ ಹೋಗಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ಹೆಣ್ಣು ಪೊಟರೆಯೊಳಗೆ ಸೇರಿ ಪೊಟರೆಯ ಬಾಯನ್ನು ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳಿನಿಂದ ಗಂಡು ತಂದುಕೊಡುವುದೇ ಅದಕ್ಕೂ ಮರಿಗೂ ಅನ್ನ. ನಾವು ಕೆಳಗೆ ನಿಂತರೆ ಗಂಡು ಹಣ್ಣು ಹಿಡಿದುಕೊಂಡು ದೂರದ ಕೊಂಬೆಯಲ್ಲೇ ಕೂರುತ್ತದೆ. ಒಳಗಿನವು ಅಷ್ಟು ಹೊತ್ತೂ ಹಸಿದಿರುತ್ತವೆ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಸುವುದನ್ನೂ ನಾನು ಮಾಡುವುದಿಲ್ಲ, ಜೊತೆಗೆ ಬಂದವರಿಗೂ ಬಿಡುವುದಿಲ್ಲ. ಬೇರೆ ಗಂಡು ತನ್ನ ಜಾಗಕ್ಕೆ ನುಗ್ಗಿದೆ ಎಂದು ತಿಳಿದು ಅದು ಮೇವು ಬಿಟ್ಟು ಜಗಳಕ್ಕೆ ಹುಡುಕುತ್ತದೆ. ದೇವರಕಾಡಿಗೆ ಹೋಗುವುದಾದರೆ ಊರಿನವರನ್ನು ಕೇಳಿ, ಅಲ್ಲಿನ ಕಟ್ಟುಪಾಡು ತಿಳಿದುಕೊಂಡೇ ಹೋಗಿ.

ಹೊರಡುವ ಮುಂಚೆ ತೋಟದ ಲೆಕ್ಕ ನೋಡುವ ರೈಟರ್‌ಗೆ ಒಂದು ಫೋನ್ ಮಾಡಿ ರಾತ್ರಿ ಆನೆ ಬಂದಿತ್ತೇ ಎಂದು ಕೇಳುತ್ತೇನೆ. ಬಂದಿದ್ದರೆ ಆ ದಿನ ಗದ್ದೆಯ ಕಡೆಗೆ. ವ್ಯೂಫೈಂಡರ್‌ಗೆ ಕಣ್ಣಿಟ್ಟವನಿಗೆ ಹಿಂದೇನಿದೆ ಎಂಬುದು ಗೊತ್ತಾಗುವುದಿಲ್ಲ, ಅದಕ್ಕೆ ಒಬ್ಬನೇ ಹೋಗುವುದಿಲ್ಲ. ಜಿಗಣೆಗೆ ಉದ್ದ ಕಾಲುಚೀಲ, ಅದರ ಮೇಲೆ ಹೊಗೆಸೊಪ್ಪಿನ ನೀರು.

ಮಳೆಗಾಲದಲ್ಲಿ ಲೆನ್ಸಿನ ಶತ್ರು ಬೂಷ್ಟು. ಜೂನ್ ಬಂತೆಂದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ನೀಲಿ ಸಿಲಿಕಾ ಜೆಲ್ ಹಾಕಿ ಕ್ಯಾಮೆರಾ ಇಡುತ್ತೇನೆ. ತೇವ ಹೀರಿ ಹರಳು ಗುಲಾಬಿಯಾದಾಗ, ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಗೆ ತಿರುಗುತ್ತದೆ. ಡಬ್ಬದೊಳಗೆ ಒಂದು ಸಣ್ಣ ಹೈಗ್ರೋಮೀಟರ್ ಇದೆ, ಮುಳ್ಳು 40ರಿಂದ 50ರ ನಡುವೆ ಇದ್ದರೆ ನಿಶ್ಚಿಂತೆ. ಹೊರಗೆ ಕಾಲಿಡಲಾಗದ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಹಳೆಯ ಚಿತ್ರಗಳನ್ನು ತೆಗೆದು, ದಿನಾಂಕ, ಜಾಗ, ಚಿಟ್ಟೆ ಕೂತಿದ್ದ ಗಿಡ ಇಷ್ಟನ್ನೂ ಬರೆದು, ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣವಾದ ಐನ್ಯಾಚುರಲಿಸ್ಟ್‌ಗೆ ಹಾಕುತ್ತೇನೆ. ಗಿಡದ ಹೆಸರು ಬರೆಯಲು ಶುರುಮಾಡಿದ ಮೇಲೆ ಯಾವ ತಿಂಗಳು ಯಾವ ತಿರುವಿನಲ್ಲಿ ಕೂರಬೇಕು ಎಂಬುದಕ್ಕೆ ಆ ಪಟ್ಟಿಯೇ ನನಗೆ ಪಂಚಾಂಗವಾಗಿದೆ.

ಬರ್ಡ್‌ವಿಂಗ್ ಹೆಣ್ಣು ಮೊಟ್ಟೆ ಇಡುವ ಚಿತ್ರ ಇನ್ನೂ ಸಿಕ್ಕಿಲ್ಲ. ಬಳ್ಳಿಯ ಸುತ್ತ ತಡವರಿಸಿ ಹಾರಿ, ಎಲೆಯಡಿಗೆ ಹೊಟ್ಟೆ ಬಗ್ಗಿಸಿ, ಒಂದೊಂದೇ ಮೊಟ್ಟೆ ಅಂಟಿಸಿ ಹೊರಟುಬಿಡುತ್ತದೆ. ಈ ಸಲ ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ ಬಳ್ಳಿಯ ಬುಡದಲ್ಲೇ ತಗ್ಗಾಗಿ ಕೂತು, ಎಳೆ ಚಿಗುರಿರುವ ಕವಲಿನ ಕೆಳಗಿನಿಂದ ಮೇಲಕ್ಕೆ ಲೆನ್ಸ್ ಇಟ್ಟು ಕಾಯುವುದು ಎಂದುಕೊಂಡಿದ್ದೇನೆ.