ಕಲ್ಲು ಚಪ್ಪಡಿ ಸೂರು ಸೋರೋದು ನಿಂತಿದ್ದು ಹೀಗೆ

ಚಿಂತಾಮಣಿ ಕಡೆಯ ಹಳೇ ಮನೆಗಳ ಸೂರು ನೋಡಿರುತ್ತೀರಿ ಅಲ್ವಾ, ಉದ್ದುದ್ದ ಕಲ್ಲು ಚಪ್ಪಡಿ ಜೋಡಿಸಿ ಮೇಲೆ ಗಾರೆ ಎಳೆದಿರುತ್ತಾರೆ. ನಮ್ಮದೂ ಅದೇ. ಸೆಪ್ಟೆಂಬರ್ ಮಳೆ ಹಿಡಿದರೆ ಅಡುಗೆಮನೆಯಲ್ಲಿ ಬಕೆಟ್ ಇಡಬೇಕಿತ್ತು. ಸುಮ್ನೆ ಶೀಟ್ ಹಾಕಿಸಿ ಅಂದರು ಎಲ್ಲರೂ. ನನಗೆ ಮನಸ್ಸು ಬರಲಿಲ್ಲ.

ಕಲ್ಲು ಸೋರಲ್ಲ, ಸೋರೋದು ಸಂದು. ಹಿಂದೆ ಯಾರೋ ಅದಕ್ಕೆ ಸಿಮೆಂಟ್ ಮೆತ್ತಿದ್ದರು. ಬಿಸಿಲಿಗೆ ಕಲ್ಲು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಗಟ್ಟಿ ಸಿಮೆಂಟ್ ಅದರ ಜೊತೆ ಬಗ್ಗಲ್ಲ, ಕಲ್ಲಿನಿಂದ ಕೂದಲೆಳೆಯಷ್ಟು ಬಿಟ್ಟುಕೊಳ್ಳುತ್ತದೆ. ನೀರಿಗೆ ಅಷ್ಟು ಸಾಕು.

ಒಳಗೆ ಹನಿ ಬೀಳುವ ಕಡೆಯೇ ಮೇಲೆ ಬಿರುಕಿರಬೇಕು ಅಂತೇನಿಲ್ಲ. ಇಳಿಜಾರಿನ ಕೆಳತುದಿಯಿಂದ ಶುರುಮಾಡಿ ಒಂದೊಂದೇ ಸಂದಿಗೆ ಚೊಂಬಿನಲ್ಲಿ ನೀರು ಬಿಡುತ್ತಾ ಬಂದೆ, ಒಳಗೆ ನಿಂತ ತಮ್ಮ ಒದ್ದೆ ಕಂಡ ಕೂಡಲೇ ಕೂಗುತ್ತಿದ್ದ. ಆಮೇಲೆ ಉಳಿ, ಸುತ್ತಿಗೆ. ಸಿಮೆಂಟೆಲ್ಲ ಕಿತ್ತು, ತಂತಿ ಬ್ರಷ್‌ನಿಂದ ಉಜ್ಜಿ, ಧೂಳು ತೊಳೆದೆ. ಇದೇ ಜಾಸ್ತಿ ಕೆಲಸ, ಬೆನ್ನು ಬಿದ್ದುಹೋಗುತ್ತದೆ.

ತುಂಬಿದ್ದು ಸುಣ್ಣದ ಗಾರೆ. ನೆನೆಸಿ ತಣಿದ ಸುಣ್ಣ 1 ಪಾಲು, ಇಟ್ಟಿಗೆ ಪುಡಿ 1, ಜರಡಿ ಹಿಡಿದ ಮರಳು 1. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದರೆ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಥೆ ಮುಗೀತು, ಕನ್ನಡಕ, ಗ್ಲೌಸ್ ಬೇಕೇ ಬೇಕು. ಸಂದನ್ನು ಒದ್ದೆ ಮಾಡಿ, ಪದರ ಪದರವಾಗಿ ಒತ್ತಿ ತುಂಬಿ, ಒದ್ದೆ ಗೋಣಿಚೀಲ ಹೊದಿಸಿಡಿ. ಬೇಗ ಒಣಗಿದರೆ ಗಾರೆ ಪುಡಿಯಾಗುತ್ತದೆ, ಅದಕ್ಕೇ ಏಪ್ರಿಲ್ ಬಿಸಿಲಲ್ಲಿ ಬೇಡ.

ಸೀಳಿದ ಚಪ್ಪಡಿಗೆ ಮಾತ್ರ ಇದು ಮದ್ದಲ್ಲ. ಅದನ್ನು ಕಲ್ಲು ಕೆಲಸದವರೇ ಬದಲಾಯಿಸಬೇಕು, ನೀವು ಅದರ ಮೇಲೆ ಕಾಲೂ ಇಡಬೇಡಿ.